ಬೋರ್ಡು ಯಾವುದೇ ಇರಲಿ, ಅಂಗಡಿ ಅಡಿಕೆಯದ್ದೇ

ಓಡಿ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ) ರಿನ್ಯೂವಲ್ ಹೊತ್ತಿಗೆ ಬ್ಯಾಂಕಿನವರು ಪ್ರತಿ ವರ್ಷ ಒಂದು ಹಾಳೆ ಕೇಳುತ್ತಾರೆ. ಮುಂದಿನ ವರ್ಷ ವ್ಯಾಪಾರ ಎಷ್ಟಾಗಬಹುದು, ಖರ್ಚೆಷ್ಟು, ಉಳಿಯುವುದೆಷ್ಟು ಅಂತ. ನಮ್ಮ ಆಡಿಟರು ಹೋದ ವರ್ಷದ ಅಂಕಿಗೆಲ್ಲ ಶೇಕಡಾ 10 ಸೇರಿಸಿ ಸೀಲು ಹೊಡೆದು ಕೊಡುತ್ತಾರೆ. ಹತ್ತೇ ಯಾಕೆ ಅಂತ ಒಮ್ಮೆ ಕೇಳಿದ್ದೆ. "ಐದು ಹಾಕಿದರೂ ಅವರಿಗೆ ಅನುಮಾನ, ಇಪ್ಪತ್ತು ಹಾಕಿದರೂ ಅನುಮಾನ" ಅಂದರು. ಹಾಳೆ ಫೈಲಿಗೆ ಸೇರುತ್ತದೆ. ಮತ್ತೆ ಮುಂದಿನ ವರ್ಷದವರೆಗೆ ಅದನ್ನು ಬ್ಯಾಂಕಿನವರೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ.

ನಮ್ಮದು ಶಿರಸಿಯಲ್ಲಿ ತೋಟದ ಯಂತ್ರಗಳ ಅಂಗಡಿ. ಪಂಪು, ಪೈಪು, ಸ್ಪ್ರೇಯರು, ಕಳೆ ಹೊಡೆಯುವ ಮೆಷಿನ್ನು, ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಅಡಿಕೆ ಗೊನೆ ಕೊಯ್ಯುವ ಉದ್ದ ಕೋಲು), ಅಡಿಕೆ ಸುಲಿಯುವ ಮೆಷಿನ್ನು. ಅಪ್ಪ ಶುರು ಮಾಡಿದ್ದು. ಈಗ ನಾನು, ಹೆಂಡತಿ ಸೇರಿ ನೋಡಿಕೊಳ್ಳುತ್ತೇವೆ. ಕೆಲವು ವರ್ಷಗಳಿಂದ ಯಾವ ವ್ಯಾಪಾರಸ್ಥರು ಸಿಕ್ಕರೂ ಮಾತು ಒಂದೇ: "ಮುಂದೆ ಹೆಂಗೋ ಏನೋ, ಎಂತದೂ ಹೇಳಲೆ ಬತ್ತಿಲ್ಲೆ." ಹೇಳುವುದಕ್ಕೆ ಬರುವುದಿಲ್ಲ, ನಿಜ. ಹಾಗಂತ ಸುಮ್ನೆ ಕೂರುವುದಕ್ಕೂ ಆಗುವುದಿಲ್ಲ ಅಲ್ವಾ? ಮೇ ತಿಂಗಳಲ್ಲಿ ಮಾರುವ ಮಾಲಿಗೆ ಫೆಬ್ರವರಿಯಲ್ಲೇ ಆರ್ಡರ್ ಕೊಡಬೇಕು. ನವೆಂಬರಿನ ಸುಲಿಯುವ ಮೆಷಿನ್ನಿಗೆ ಮಳೆಗಾಲದಲ್ಲೇ ಬುಕಿಂಗ್ ಆಗಬೇಕು. ಏನೂ ಗೊತ್ತಿಲ್ಲದಿದ್ದರೂ ಏನೋ ಒಂದು ನಿರ್ಧಾರ ಮಾಡಲೇಬೇಕು. ಆ ನಿರ್ಧಾರ ಹೇಗೆ ಮಾಡುತ್ತೇವೆ ಅನ್ನುವುದನ್ನು ಬರೆಯೋಣ ಅನಿಸಿತು. ಬ್ಯಾಂಕಿನ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ.

ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿ ಒಂದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬೋರ್ಡಿನ ಮೇಲೆ ಏನೇ ಬರೆದಿರಲಿ, ಒಳಗೆ ನಡೆಯುವುದು ಅಡಿಕೆ ವ್ಯಾಪಾರವೇ. ಬಟ್ಟೆ, ಬಂಗಾರ, ಬೈಕು, ಸಿಮೆಂಟು, ಮದುವೆ ಹಾಲ್, ಮಕ್ಕಳ ಟ್ಯೂಷನ್ನು ಎಲ್ಲದಕ್ಕೂ ದುಡ್ಡು ಬರುವುದು ಒಂದೇ ಮರದಿಂದ. ಚಾಲಿ (ಹಣ್ಣಾದ ಮೇಲೆ ಒಣಗಿಸಿದ ಅಡಿಕೆ) ದರ ಇಳಿಯುತ್ತಾ ಹೋದರೆ ಬಂಗಾರದ ಅಂಗಡಿಯ ಹುಡುಗ ಮೊಬೈಲ್ ನೋಡುತ್ತಾ ಕೂರುತ್ತಾನೆ. ನನಗೆ ಗೊತ್ತಿರುವ ಒಬ್ಬರು ಭದ್ರತೆಗೆ ಇರಲಿ ಅಂತ ಹಾರ್ಡ್‌ವೇರ್ ಅಂಗಡಿ ಜೊತೆಗೆ ಬಟ್ಟೆ ಅಂಗಡಿ ತೆಗೆದರು, ಆಮೇಲೆ ಬೇಕರಿಯನ್ನೂ ಇಟ್ಟರು. ದರ ಬಿದ್ದ ವರ್ಷ ಮೂರೂ ಒಟ್ಟಿಗೆ ಮಲಗಿದವು. ಬೇಕರಿ ಸ್ವಲ್ಪ ಕಡಿಮೆ ಮಲಗಿತು, ಅಷ್ಟೇ. ಮೂರು ಅಂಗಡಿ ಇದ್ದರೂ ಗಿರಾಕಿ ಒಬ್ಬನೇ, ಅವನ ಕಿಸೆಯೂ ಒಂದೇ.

ಈ ವಿಷಯದಲ್ಲಿ ನಮಗಿಂತ ತೋಟಿಗರೇ, ಅಂದರೆ ಅಡಿಕೆ ತೋಟದವರೇ, ಚಾಲಾಕಿಗಳು. ಅವರು ಯೋಜನೆ ಗೀಜನೆ ಅನ್ನುವುದಿಲ್ಲ, ಆದರೆ ಮಾಡುವುದನ್ನು ನೋಡಿ. ಬಂದ ಬೆಳೆಯನ್ನೆಲ್ಲ ಒಂದೇ ಥರ ಮಾಡುವುದಿಲ್ಲ. ಕೈಗೆ ತಕ್ಷಣ ದುಡ್ಡು ಬೇಕಾದವರು ಸ್ವಲ್ಪ ಹಸಿ ಅಡಿಕೆಯನ್ನೇ ಕೊಟ್ಟುಬಿಡುತ್ತಾರೆ. ಇನ್ನಷ್ಟನ್ನು ಸುಲಿದು, ಚೊಗರಲ್ಲಿ (ಅಡಿಕೆ ಬೇಯಿಸಿದ ಗಟ್ಟಿ ರಸದಲ್ಲಿ) ಬೇಯಿಸಿ, ಒಣಗಿಸಿ ರಾಶಿ ಅನ್ನುವ ಕೆಂಪಡಿಕೆ ಮಾಡುತ್ತಾರೆ. ಉಳಿದದ್ದು ಮರದಲ್ಲೇ ಹಣ್ಣಾಗಲಿ ಅಂತ ಬಿಟ್ಟು ಚಾಲಿ ಮಾಡುತ್ತಾರೆ. ಚಾಲಿ ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಬೇಕು, ಆದರೆ ಒಣಗಿದ ಮೇಲೆ ದರ ಬರುವವರೆಗೆ ಕಾಯಬಹುದು. ಮರಕ್ಕೆ ಹಬ್ಬಿಸಿದ ಕಾಳುಮೆಣಸು ಇನ್ನೂ ಗಟ್ಟಿ. ಸರಿಯಾಗಿ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹತ್ತು ವರ್ಷದ ಹಿಂದೆ ಕೆಜಿಗೆ 600 ದಾಟಿದ್ದ ಕಾಳು ಆಮೇಲೆ 300ರ ಹತ್ತಿರ ಬಂದಾಗ, ತುರ್ತು ಇಲ್ಲದವರು ಚೀಲ ಕಟ್ಟಿ ಅಟ್ಟಕ್ಕೆ ಹಾಕಿ ಮರೆತರು. ಮತ್ತೆ ದರ ಏರಿದಾಗ ಇಳಿಸಿದರು. ಒಂದೇ ತೋಟದಲ್ಲಿ ಇಂದಿನ ದುಡ್ಡು, ಬೇಸಿಗೆಯ ದುಡ್ಡು, ಯಾವತ್ತೋ ಒಂದಿನದ ದುಡ್ಡು, ಮೂರನ್ನೂ ಬೇರೆ ಬೇರೆ ಇಟ್ಟುಕೊಳ್ಳುತ್ತಾರೆ. ದಲಾಲರ ಕೈಗೆ ಸಿಕ್ಕಿ ಸೋತ ಮೇಲೆ 1923ರಲ್ಲೇ ಶಿರಸಿಯಲ್ಲಿ ತಮ್ಮದೇ ಮಾರಾಟ ಸಂಘ ಕಟ್ಟಿಕೊಂಡ ಜನ ಇವರು. ಅಂಗಡಿಯವರಾದ ನಮಗೆ ಈ ಅಭ್ಯಾಸ ಬರಲೇ ಇಲ್ಲ.

ಇನ್ನು ಮುಂದೇನಾಗುತ್ತದೆ ಅಂತ ಊಹಿಸುವ ವಿಷಯ. ಇದರಲ್ಲಿ ನನಗೆ ನಂಬಿಕೆ ಹೊರಟುಹೋಗಿದೆ. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಗುಟ್ಕಾ ಮಾರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿ, ಅದು 2011ರ ಮಾರ್ಚಿನಿಂದ ಜಾರಿಗೆ ಬಂತು. ಅಡಿಕೆ ಕಥೆ ಮುಗಿಯಿತು ಅಂತ ಪೇಟೆ ತುಂಬಾ ಮಾತು. 2013ರ ಮೇ ಕೊನೆಗೆ ಕರ್ನಾಟಕದಲ್ಲಿ ಗುಟ್ಕಾವೇ ಬಂದ್ ಆಯಿತು. ಆಗಂತೂ ತೋಟ ಮಾರಿ ಬೆಂಗಳೂರಿಗೆ ಹೋಗುವುದೇ ಸೈ ಅಂದವರಿದ್ದರು. ಮರುವರ್ಷ, 2014ರಲ್ಲಿ, ಅಡಿಕೆ ಅದುವರೆಗೆ ಯಾರೂ ನೋಡದಷ್ಟು ಎತ್ತರಕ್ಕೆ ಹೋಯಿತು! ಗುಟ್ಕಾ ನಿಷೇಧದ ಸುದ್ದಿ ಕೇಳಿ 2014ರ ದರ ಊಹಿಸಿದ ಒಬ್ಬ ಮನುಷ್ಯನನ್ನೂ ನಾನು ಕಂಡಿಲ್ಲ. ಆಮೇಲೆ "ನಾನು ಅವತ್ತೇ ಹೇಳಿದ್ದೆ" ಅಂದವರು ಮಾತ್ರ ಬೇಕಾದಷ್ಟು.

ವೆನಿಲ್ಲಾ ನೆನಪಿದೆಯಾ? 2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಬಡಿದು ಅಲ್ಲಿಯ ಬೆಳೆ ಹಾಳಾಯಿತು. ಅದರ ಬಿಸಿ ನಮ್ಮ ತೋಟಕ್ಕೆ ತಟ್ಟಿತು. 2003ರ ಹೊತ್ತಿಗೆ ಹಸಿ ಕೋಡು ಕೆಜಿಗೆ ಮೂರು ಸಾವಿರ ದಾಟಿತ್ತು. ಬೆಳಿಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುವುದು, ರಾತ್ರಿ ಕಳ್ಳರಿಗೆ ಹೆದರಿ ತೋಟ ಕಾಯುವುದು. ಎರಡು ಮೂರು ವರ್ಷದಲ್ಲಿ ಅದೇ ಕೋಡು ನೂರು ರೂಪಾಯಿಗೂ ಬೇಡವಾಯಿತು. ಚಂಡಮಾರುತ ಬಂದದ್ದೂ ನಮ್ಮ ಕೈಯಲ್ಲಿರಲಿಲ್ಲ, ಮಡಗಾಸ್ಕರ್‌ನವರು ಮತ್ತೆ ಬಳ್ಳಿ ನೆಟ್ಟದ್ದೂ ನಮಗೆ ಗೊತ್ತಾಗಲಿಲ್ಲ.

2016ರ ನವೆಂಬರ್ 8ರ ರಾತ್ರಿ ನೋಟು ಬಂದ್ ಆದಾಗ ಎಲ್ಲ ಕಡೆಯ ಹಾಗೆ ಇಲ್ಲೂ ಕ್ಯೂ. ಆದರೆ ನಮಗೆ ಜಾಸ್ತಿ ಹೊಡೆದದ್ದು ಆರು ದಿನ ಬಿಟ್ಟು ಬಂದ ರಿಸರ್ವ್ ಬ್ಯಾಂಕಿನ ಸುತ್ತೋಲೆ. ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೇ ನೋಟು ತಗೊಳ್ಳುವಂತಿಲ್ಲ ಅಂತ. ನಮ್ಮ ಜಿಲ್ಲೆಯ ಹಳ್ಳಿಗಳ ವ್ಯವಹಾರ ನಡೆಯುವುದೇ ಸೊಸೈಟಿಯಲ್ಲಿ, ಸೊಸೈಟಿಯ ಬೆನ್ನಿಗೆ ಇರುವುದು ಸಹಕಾರಿ ಬ್ಯಾಂಕು. ಅಡಿಕೆ ಗೊನೆ ಕೊಯ್ಲಿನ ಹೊತ್ತು, ಕೂಲಿಗೆ ಕೊಡಲು ಚಿಲ್ಲರೆ ಇಲ್ಲ. ಅಂಥ ಹೊತ್ತಲ್ಲಿ ಯಾರು ಬಂದು ಪಂಪು ಕೇಳುತ್ತಾರೆ? 2020ರ ಲಾಕ್‌ಡೌನ್ ಬಗ್ಗೆ ಎಲ್ಲರಿಗೂ ಗೊತ್ತು, ಬಿಡಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ಒಂದೆರಡು ದಿನದಲ್ಲಿ ನಮ್ಮ ಕರಾವಳಿಗೂ ಬಂತು. ವಾಡಿಕೆ ಪ್ರಕಾರ ಕೇರಳಕ್ಕೇ ಜೂನ್ 1. ಕೊಳೆರೋಗಕ್ಕೆ ಅಂತ ಮಳೆ ಹಿಡಿಯುವ ಮೊದಲು ಹೊಡೆಯಬೇಕಾದ ಬೋರ್ಡೋ ಮದ್ದನ್ನು (ಮೈಲುತುತ್ತ, ಸುಣ್ಣ ಕಲಸಿದ ನೀರು) ಎಷ್ಟೋ ಮಂದಿ ಹೊಡೆದೇ ಇರಲಿಲ್ಲ. ಅದಾದ ಮೇಲೆ ಅದೇ ವರ್ಷ ಆಗಸ್ಟ್ 15ರಂದು ಪ್ರಧಾನಿಯವರು ದೀಪಾವಳಿಗೆ ಜಿಎಸ್‌ಟಿ ಇಳಿಸುತ್ತೇವೆ ಅಂದರು. ಒಳ್ಳೆಯ ಸುದ್ದಿಯೇ. ಆದರೆ ಮಾರನೇ ದಿನದಿಂದ ಗಿರಾಕಿಗಳು "ಇಳಿಯಲಿ, ಆಮೇಲೆ ನೋಡನ" ಅನ್ನತೊಡಗಿದರು. ಸೆಪ್ಟೆಂಬರ್ 22ರಂದು ಡ್ರಿಪ್, ಸ್ಪ್ರಿಂಕ್ಲರ್, ಕೊಯ್ಲು ಯಂತ್ರಗಳ ತೆರಿಗೆ 12ರಿಂದ 5ಕ್ಕೆ ಇಳಿಯಿತು. ನಾವು 12 ಕೊಟ್ಟು ತಂದ ಮಾಲನ್ನು 5ಕ್ಕೆ ಬಿಲ್ ಮಾಡಬೇಕು. ಹೆಚ್ಚು ಕೊಟ್ಟದ್ದು ಜಿಎಸ್‌ಟಿಯ ಕ್ರೆಡಿಟ್ ಲೆಕ್ಕದಲ್ಲಿ ಇರುತ್ತದೆ, ನಿಧಾನಕ್ಕೆ ಮುರಿದುಕೊಳ್ಳಬಹುದು. ಆದರೆ ಅದರಲ್ಲಿ ಹುಡುಗರ ಸಂಬಳ ಕೊಡಲು ಬರುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇವುಗಳಲ್ಲಿ ಯಾವುದೂ ಇನ್ನೊಂದರ ಹಾಗಿಲ್ಲ. ಕೋರ್ಟು, ಚಂಡಮಾರುತ, ಸುತ್ತೋಲೆ, ರೋಗ, ಮಳೆ, ತೆರಿಗೆ. ಮುಂದಿನದು ಏನೋ, ಅದು ಈ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಆದರೆ ಅಂಗಡಿಯ ಗಲ್ಲಾದಲ್ಲಿ ಕೂತು ನೋಡಿದರೆ, ಕಾರಣ ಯಾವುದೇ ಇರಲಿ, ನಮಗೆ ಬಂದು ಮುಟ್ಟುವುದು ಎರಡೇ ಥರದಲ್ಲಿ. ಒಂದೋ ಉದ್ರಿ (ಸಾಲಕ್ಕೆ ಕೊಟ್ಟ ಮಾಲಿನ ದುಡ್ಡು) ಬರುವುದು ತಡವಾಗುತ್ತದೆ, ಇಲ್ಲಾ ಮಾಲು ಮಲಗುತ್ತದೆ. ಹಾಗಾಗಿ ಈಗೀಗ ನಾನು ಕಾರಣದ ಬೆನ್ನು ಹತ್ತುವುದನ್ನು ಬಿಟ್ಟಿದ್ದೇನೆ. ಪೇಪರ್ ಓದುತ್ತೇನೆ, ಅಡಿಕೆಯ ಟೆಂಡರ್ (ಹರಾಜು) ದರ ದಿನಾ ನೋಡುತ್ತೇನೆ, ಬಾಯಿಚಪಲಕ್ಕೆ ಮಾತೂ ಆಡುತ್ತೇನೆ. ಆದರೆ ತಯಾರಿ ಮಾಡಿಕೊಳ್ಳುವುದು ಆ ಎರಡಕ್ಕೆ ಮಾತ್ರ.

ಉದ್ರಿಯಿಂದ ಶುರು ಮಾಡುತ್ತೇನೆ. ಇದು ಜೀವಾಳ.

ತೋಟಿಗನ ಕೈಗೆ ದುಡ್ಡು ಬರುವುದು ಅಡಿಕೆ ಕೊಟ್ಟ ಮೇಲೆ. ಅಲ್ಲಿಯವರೆಗೆ ಲೆಕ್ಕ ಪುಸ್ತಕದಲ್ಲಿ. ಅದು ಮೋಸವಲ್ಲ, ಪದ್ಧತಿ. ಆದರೆ ದುಡ್ಡು ಬಂದ ಮೇಲೆ ಅದಕ್ಕೆ ಒಂದು ಸಾಲು ಇದೆ. ಮೊದಲು ಸೊಸೈಟಿಯ ಬೆಳೆಸಾಲ ಕಟ್ಟಬೇಕು. ಬಡ್ಡಿಯಿಲ್ಲದ ಸಾಲ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿದೆ, ಗಡುವು ತಪ್ಪಿದರೆ ಆ ಸವಲತ್ತು ಹೋಗುತ್ತದೆ, ಹಾಗಾಗಿ ಅದಕ್ಕೆ ಮೊದಲ ಮಣೆ. ಆಮೇಲೆ ಕೂಲಿಯವರದ್ದು. ಆಮೇಲೆ ಮಕ್ಕಳ ಕಾಲೇಜು ಫೀಸು. ಮನೆಯಲ್ಲಿ ಮದುವೆಯೋ ಉಪನಯನವೋ ಇದ್ದರೆ ಅದು. ನಮ್ಮಂಥ ಯಂತ್ರದ ಅಂಗಡಿ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಒಳ್ಳೇ ವರ್ಷ ನಮ್ಮವರೆಗೂ ಬರುತ್ತದೆ. ದರ ಸ್ವಲ್ಪ ಇಳಿದ ವರ್ಷ ನಮ್ಮ ಮುಂದಿನವರಿಗೇ ಮುಗಿದುಹೋಗುತ್ತದೆ. ಗಿರಾಕಿ ಕೆಟ್ಟವನಾಗಬೇಕಿಲ್ಲ, ಅಡಿಕೆ ದರ ಪೂರ್ತಿ ಬೀಳಬೇಕಂತಲೂ ಇಲ್ಲ. ಸ್ವಲ್ಪ ಬಿದ್ದರೂ ಸಾಕು.

ಆ ಕಡೆ ನಾವು ಕೊಡಬೇಕಾದವರು? ಕೊಯಮತ್ತೂರಿನ ಸಣ್ಣ ಪಂಪು ತಯಾರಕರು, ಸುಲಿಯುವ ಮೆಷಿನ್ ಮಾಡುವ ಸಣ್ಣ ವರ್ಕ್‌ಶಾಪಿನವರು. 2023-24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಬಂದಿದೆ. ಸಣ್ಣ, ಅತಿ ಸಣ್ಣ ಉದ್ಯಮದವರಿಗೆ ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡಮಾಡಿ ವರ್ಷದ ಕೊನೆಗೆ ಬಾಕಿ ಉಳಿಸಿಕೊಂಡರೆ ಆ ಖರೀದಿಯನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ದುಡ್ಡು ಕೊಟ್ಟ ವರ್ಷದಲ್ಲೇ ತೋರಿಸಬೇಕು. ನಿಯಮ ಸರಿಯಾದದ್ದೇ, ಅವರೂ ನಮ್ಮ ಹಾಗೇ ಒದ್ದಾಡುವವರು. ಆದರೆ ಕೊಡುವುದು 45 ದಿನಕ್ಕೆ, ಬರುವುದು ಆರು ತಿಂಗಳಿಗೆ. ನಡುವಿನ ಈ ಗುಂಡಿಯನ್ನು ತುಂಬುವುದೇ ನಮ್ಮ ನಿಜವಾದ ವ್ಯಾಪಾರ. ಪಂಪು ಪೈಪು ಎಲ್ಲ ನೆಪ.

ಸುಮ್ನೆ ಉದಾಹರಣೆಗೆ ಒಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ 10 ಲಕ್ಷದ ವ್ಯಾಪಾರ, ಅರ್ಧ ಉದ್ರಿ. ಉದ್ರಿ ವಾಪಸ್ ಬರಲು ಆರು ತಿಂಗಳು. ಅಂದರೆ ಯಾವಾಗ ನೋಡಿದರೂ 30 ಲಕ್ಷ ಹೊರಗೆ. ಮೋಡ ಮುಸುಕಿ ಚಾಲಿ ಒಣಗುವುದು ತಡವಾಯಿತು, ದರ ನೋಡೋಣ ಅಂತ ಇನ್ನಷ್ಟು ದಿನ ಕಾದರು, ಆರು ತಿಂಗಳು ಎಂಟಾಯಿತು ಅಂದುಕೊಳ್ಳಿ. ಹೊರಗಿನದು 40 ಲಕ್ಷ. ಯಾರೂ ಮುಳುಗಿಸಿಲ್ಲ, ವ್ಯಾಪಾರವೂ ಕಡಿಮೆಯಾಗಿಲ್ಲ. ಆದರೂ 10 ಲಕ್ಷ ಎಲ್ಲಿಂದಲೋ ತರಬೇಕು. ಓಡಿಯಿಂದ ತಂದರೆ, ಬಡ್ಡಿ ಶೇಕಡಾ 11 ಅಂದರೂ, ತಿಂಗಳಿಗೆ ಒಂಬತ್ತು ಸಾವಿರ ಚಿಲ್ಲರೆ. ಅದನ್ನು ಹೇಗೋ ತಡೆದುಕೊಳ್ಳಬಹುದು. ಲಿಮಿಟ್ಟೇ ಮುಗಿದರೆ ಮಾತ್ರ ಕಷ್ಟ. ಮುಂದಿನ ಹಂಗಾಮಿನ ಮಾಲು ತರುವುದಕ್ಕಾಗುವುದಿಲ್ಲ. ಮಾಲಿಲ್ಲದ ಅಂಗಡಿಗೆ ಹಳೇ ಬಾಕಿ ಕೊಡಲು ಯಾರು ಬರುತ್ತಾರೆ? ಲೆಕ್ಕದಲ್ಲಿ ಲಾಭ ಇದ್ದ ಅಂಗಡಿಗಳು ಬಾಗಿಲು ಹಾಕಿದ್ದನ್ನು ನಾನು ನೋಡಿದ್ದು ಹೀಗೆಯೇ.

ಅಪ್ಪನ ಕಾಲದಲ್ಲಿ ಉದ್ರಿ ಕೊಡುವುದು ಮುಖ ನೋಡಿ. ಈಗಲೂ ಮುಖ ನೋಡದೇ ಆಗುವುದಿಲ್ಲ, ಇದು ಸಣ್ಣ ಊರು. ಆದರೆ ನಾವು ಒಂದು ಬದಲಾವಣೆ ಮಾಡಿದೆವು. ಒಬ್ಬೊಬ್ಬರಿಗೆ ಎಷ್ಟು ಅಂತ ಮಿತಿ ಹಾಕುವ ಬದಲು ಇಡೀ ಪುಸ್ತಕಕ್ಕೇ ಒಂದು ಮಿತಿ ಹಾಕಿದೆವು. ಓಡಿ ಲಿಮಿಟ್ಟಿನಲ್ಲಿ ಮೂರರಲ್ಲಿ ಒಂದು ಪಾಲು ಯಾವಾಗಲೂ ಖಾಲಿ ಉಳಿಯಬೇಕು. ಉದ್ರಿ ಅಲ್ಲಿಗೆ ಮುಟ್ಟಿತು ಅಂದರೆ, ಹೊಸ ಉದ್ರಿ ಬಂದ್. ಕೇಳುವವರು ಎಷ್ಟೇ ದೊಡ್ಡ ಕುಳವಾಗಲಿ. ಪುಸ್ತಕ ಹೆಂಡತಿ ನೋಡುತ್ತಾಳೆ. ಬಂದ್ ಅಂತ ಹೇಳುವ ಅಧಿಕಾರವೂ ಅವಳದ್ದೇ. ನನಗೆ ಕೊಟ್ಟರೆ ಮುಖದಾಕ್ಷಿಣ್ಯಕ್ಕೆ ಬಗ್ಗುತ್ತೇನೆ ಅಂತ ಇಬ್ಬರಿಗೂ ಗೊತ್ತು.

ಹೋದ ಸಲ ಹಾಗೆ ಬಂದ್ ಮಾಡಿದ ವಾರವೇ ಹಳೇ ಗಿರಾಕಿ ಹೆಗಡೆಯವರು ಬಂದರು. ದೋಟಿ ಬೇಕಿತ್ತು.

"ತಮಾ, ಚಾಲಿ ಇನ್ನೂ ಅಂಗಳದಲ್ಲಿದ್ದು. ಒಣಗಿ ಕೊಟ್ಟ ಮೇಲೆ ಲೆಕ್ಕ ಮಾಡನ."

"ಹೆಗಡೇರೇ, ನಿಮ್ಮ ಬಗ್ಗೆ ಅನುಮಾನ ಇಲ್ಲೆ. ಈ ತಿಂಗ್ಳು ಪುಸ್ತಕವೇ ಮುಚ್ಚಿದ್ದು. ಯಾರಿಗೂ ಕೊಡ್ತ್ವಿಲ್ಲೆ."

"ಯಾರಿಗೂ?"

"ಯಾರಿಗೂ. ನಮ್ಮ ಭಾವಂಗೂ ಕೊಟ್ಟಿದ್ವಿಲ್ಲೆ."

ಅವರು ಸ್ವಲ್ಪ ಹೊತ್ತು ದೋಟಿಯನ್ನು ತಿರುಗಿಸಿ ನೋಡಿದರು. ಜೋಡಿಸಿದರು, ಬಿಚ್ಚಿದರು. ಆಮೇಲೆ ಪೂರ್ತಿ ದುಡ್ಡು ಗೂಗಲ್ ಪೇ ಮಾಡಿ ಹೋದರು. ಎಲ್ಲರಿಗೂ ಇಲ್ಲ ಅನ್ನುವುದು ಒಬ್ಬರಿಗೆ ಇಲ್ಲ ಅನ್ನುವುದಕ್ಕಿಂತ ಸಲೀಸು. ಒಬ್ಬರಿಗೆ ಇಲ್ಲ ಅಂದರೆ ಅವರ ಮರ್ಯಾದೆಯ ಪ್ರಶ್ನೆ. ಎಲ್ಲರಿಗೂ ಇಲ್ಲ ಅಂದರೆ ಅದು ಅಂಗಡಿಯ ಕಷ್ಟ, ಅಡಿಕೆ ಬೆಳೆದವರಿಗೆ ಕಷ್ಟ ಅಂದರೆ ಬೇಗ ಅರ್ಥವಾಗುತ್ತದೆ. ಇನ್ನೊಂದು ಲಾಭವೂ ಇದೆ. ಪುಸ್ತಕ ಎಷ್ಟು ಬೇಗ ತುಂಬಿತು ಅನ್ನುವುದೇ ಊರಿನ ಸ್ಥಿತಿ ಹೇಳುತ್ತದೆ. ಹೋದ ಹಂಗಾಮಿನಲ್ಲಿ ಫೆಬ್ರವರಿಗೆ ತುಂಬಿದ್ದು ಈ ಹಂಗಾಮಿನಲ್ಲಿ ಡಿಸೆಂಬರಿಗೇ ತುಂಬಿದರೆ, ಮೇ ತಿಂಗಳ ಆರ್ಡರ್ ಕಡಿಮೆ ಮಾಡಬೇಕು. ಇದಕ್ಕಿಂತ ಒಳ್ಳೇ ಸೂಚನೆ ಯಾವ ಟಿವಿ ಚರ್ಚೆಯಲ್ಲೂ ಸಿಗುವುದಿಲ್ಲ.

ಮಾಲಿನ ವಿಷಯಕ್ಕೆ ಬಂದರೆ, ಕಂಪನಿಗಳ ಸ್ಕೀಮು ಅನ್ನುವ ಒಂದು ಕಾಯಿಲೆ ಇದೆ. ಇಷ್ಟು ಮೆಷಿನ್ ಎತ್ತಿದರೆ ಶೇಕಡಾ ನಾಲ್ಕು ಹೆಚ್ಚು ಡಿಸ್ಕೌಂಟು, ಇನ್ನೂ ಅಷ್ಟು ಎತ್ತಿದರೆ ಥೈಲ್ಯಾಂಡ್ ಟೂರು. ನಮ್ಮ ಲೈನಿನಲ್ಲಿ ಎಷ್ಟೋ ಜನ ಥೈಲ್ಯಾಂಡ್ ನೋಡಿ ಬಂದಿದ್ದಾರೆ, ಅವರ ಗೋಡೌನಿನಲ್ಲಿ ಮೆಷಿನ್ನುಗಳು ಇನ್ನೂ ಕವರ್ ಬಿಚ್ಚದೇ ಕೂತಿವೆ. ಮಲಗಿದ ಮೆಷಿನ್ನಿನ ಬಡ್ಡಿ ಸೇರಿಸಿದರೆ ಆ ಟೂರಿಗೆ ಅವರೇ ದುಡ್ಡು ಕೊಟ್ಟ ಹಾಗೆ. ನಾನು ಮಾಲನ್ನು ನೋಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ವರ್ಷ ಹೋಗದಿದ್ದರೆ ಮುಂದಿನ ವರ್ಷ ಇದೇ ದರಕ್ಕೆ ಹೋಗುತ್ತದಾ? ಮೈಲುತುತ್ತ ಹೋಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಈ ಲೆಕ್ಕ ಅಜ್ಜನ ಕಾಲದಿಂದ ಬದಲಾಗಿಲ್ಲ. ಕೊಳೆರೋಗವೂ ಎಲ್ಲಿಗೂ ಹೋಗಿಲ್ಲ. ತೇವ ತಾಗದಂತೆ ಇಟ್ಟರೆ ಕೆಡುವುದೂ ಇಲ್ಲ. ಹಾಗಾಗಿ ಅದನ್ನು ಏಪ್ರಿಲ್ ಕೊನೆಯೊಳಗೆ ಧೈರ್ಯವಾಗಿ ತುಂಬಿಸುತ್ತೇನೆ. 2025ರ ಮಳೆ ನೋಡಿದ ಮೇಲೆ ಮೇ ಹದಿನೈದು ಅಂದರೆ ತಡವೇ. ಬ್ಯಾಟರಿ ಸ್ಪ್ರೇಯರು, ಹೊಸ ಮಾಡೆಲ್ಲಿನ ಮೆಷಿನ್ನು ಹಾಗಲ್ಲ. ವರ್ಷ ಕಳೆದರೆ ಬ್ಯಾಟರಿಯೂ ಸಾಯುತ್ತದೆ, ಮಾಡೆಲ್ಲೂ ಹಳೆಯದಾಗುತ್ತದೆ. ಪಿವಿಸಿ ಪೈಪು ಎರಡರ ನಡುವೆ. ಕೆಡುವುದಿಲ್ಲ, ಆದರೆ ಅದರ ದರ ಕಚ್ಚಾತೈಲದ ಜೊತೆ, ಚೀನಾದ ಜೊತೆ ಕುಣಿಯುತ್ತದೆ. 2021ರಲ್ಲಿ ಅದು ಏರಿದ ರೀತಿ ನೆನೆಸಿಕೊಂಡರೆ ತುಂಬಿಸಿಡೋಣ ಅನಿಸುತ್ತದೆ, ಆಮೇಲೆ ಇಳಿದದ್ದು ನೆನೆಸಿಕೊಂಡರೆ ಬೇಡ ಅನಿಸುತ್ತದೆ. ಇದ್ದಷ್ಟು ಮಾರಿ, ಬೇಕಾದಷ್ಟು ಹುಬ್ಬಳ್ಳಿಯಿಂದ ತರಿಸುವುದೇ ಸೈ. ಎರಡು ರೂಪಾಯಿ ಜಾಸ್ತಿ ಹೋಗಲಿ.

ಆದರೆ ನಮ್ಮನ್ನು ಕೆಟ್ಟ ವರ್ಷಗಳಲ್ಲಿ ನಿಜವಾಗಿ ಎತ್ತಿ ಹಿಡಿದದ್ದು ಇವೆರಡೂ ಅಲ್ಲ. ರಿಪೇರಿ. ಅಂಗಡಿಯ ಹಿಂದೆ ತಗಡಿನ ಮಾಡಿನ ಕೆಳಗೆ ಒಬ್ಬ ಮೆಕ್ಯಾನಿಕ್, ಒಂದು ಬೆಂಚು, ಗೋಡೆ ತುಂಬಾ ಸಣ್ಣ ಸಣ್ಣ ಡಬ್ಬಿ. ಓ ರಿಂಗು, ಕಾರ್ಬುರೇಟರ್ ಕಿಟ್ಟು, ಸ್ಟಾರ್ಟರ್ ಹಗ್ಗ, ಪಂಪಿನ ಸೀಲು, ಸುಲಿಯುವ ಮೆಷಿನ್ನಿನ ಬೆಲ್ಟು, ಬ್ಲೇಡು. ದರ ಚೆನ್ನಾಗಿದ್ದ ವರ್ಷ ತೋಟಿಗ ಹೊಸ ಮೆಷಿನ್ ಒಯ್ಯುತ್ತಾನೆ. ದರ ಬಿದ್ದ ವರ್ಷ ಹಳೇದನ್ನೇ ಜೀಪಿನ ಹಿಂದೆ ಹಾಕಿಕೊಂಡು ಬರುತ್ತಾನೆ, "ಇನ್ನೊಂದು ಹಂಗಾಮು ಓಡೋ ಹಾಂಗೆ ಮಾಡಿಕೊಡು" ಅಂತ. ಕಳೆ ಬೆಳೆಯುವುದಂತೂ ದರ ನೋಡಿ ನಿಲ್ಲುವುದಿಲ್ಲ ಅಲ್ವಾ? ಅಡಿಕೆ ಸುಲಿಯಲೇಬೇಕು, ಮೆಟ್ಟುಗತ್ತಿ (ಕೈಯಲ್ಲಿ ಅಡಿಕೆ ಸುಲಿಯುವ ಕತ್ತಿ) ಮುಂದೆ ಕೂರುವ ಕೈಗಳು ಈಗ ಎಲ್ಲಿವೆ? ಇಡೀ ಅಂಗಡಿಯಲ್ಲಿ ಅಡಿಕೆ ದರದ ವಿರುದ್ಧ ದಿಕ್ಕಿಗೆ ಹೋಗುವುದು ಆ ಬೆಂಚು ಒಂದೇ. ಅದರಲ್ಲೂ 180 ರೂಪಾಯಿಯ ಬೆಲ್ಟಿಗೆ ಯಾರೂ ಉದ್ರಿ ಕೇಳುವುದಿಲ್ಲ. ಲಾಭದ ಪ್ರಮಾಣವೂ ಹೊಸ ಮೆಷಿನ್ನಿಗಿಂತ ಜಾಸ್ತಿ. ದೊಡ್ಡ ಶೋರೂಮು ಮಾಡಿ ಗಾಜು ಹಾಕಿಸಿ ಅಂತ ಸಲಹೆ ಕೊಡುವವರಿಗೆ ನಾನು ಆ ಬೆಂಚನ್ನು ತೋರಿಸುತ್ತೇನೆ. ಅವರಿಗೆ ಅದು ಕೊಳಕಾಗಿ ಕಾಣುತ್ತದೆ.

ಒಳ್ಳೇ ಮೆಕ್ಯಾನಿಕ್ ಸಿಗುವುದು ಮಾತ್ರ ದೊಡ್ಡ ಕಥೆ. ಜೂನ್, ಜುಲೈನಲ್ಲಿ ಕೆಲಸ ಇರುವುದಿಲ್ಲ ಅಂತ ಬಿಟ್ಟರೆ ಹುಡುಗ ಬೆಂಗಳೂರಿಗೋ ಗೋವಾಕ್ಕೋ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಖಾಲಿ ತಿಂಗಳ ಸಂಬಳವನ್ನು ನಾವು ಮೊದಲೇ ಎತ್ತಿಡುತ್ತೇವೆ. ಬೇಸಿಗೆಯ ವ್ಯಾಪಾರದಲ್ಲಿ ಮೊದಲು ತೆಗೆಯುವುದು ಅದನ್ನೇ, ಸೊಸೈಟಿಯಲ್ಲಿ ಬೇರೆ ಖಾತೆಗೆ ಹಾಕಿ. ಮನೆ ಖರ್ಚಿಗೂ ತಿಂಗಳಿಗೆ ಇಷ್ಟೇ ಅಂತ ಅಂಗಡಿಯಿಂದ ಸಂಬಳದ ಹಾಗೆ ತಗೊಳ್ಳುತ್ತೇವೆ. ಆಯಿಗೆ (ಅಮ್ಮನಿಗೆ) ಇದು ಇನ್ನೂ ವಿಚಿತ್ರ. "ಗಲ್ಲಾದಲ್ಲಿ ದುಡ್ಡಿದ್ರೂ ತರಕಾರಿಗೆ ತಾರೀಖು ನೋಡ್ತ" ಅಂತ ಬೈಯುತ್ತಾಳೆ.

ಇನ್ನು ಘಟ್ಟದ ಕೆಳಗಿನ ಮಾತು. ಅಡಿಕೆಯ ಮೇಲೆ ನಿಲ್ಲದ ಗಿರಾಕಿ ಬೇಕು ಅಂದರೆ ಕುಮಟಾ, ಅಂಕೋಲಾ, ಕಾರವಾರದ ಕಡೆಗೇ ನೋಡಬೇಕು ಅನ್ನುವುದು ಹೆಂಡತಿಯ ವಾದ. ಅವಳ ತವರು ಕುಮಟಾ ಕಡೆ. ಸಿಗಡಿ ಹೊಂಡದವರಿಗೆ ಪಂಪು, ಏರೇಟರು ಬೇಕು. ಗೋಕರ್ಣದ ಹೋಮ್‌ಸ್ಟೇಗಳಿಗೆ ನೀರಿನ ಮೋಟರು ಬೇಕು. ಕಾರವಾರದಲ್ಲಿ ನೌಕಾನೆಲೆ, ಕೈಗಾ ಇದೆ, ತಿಂಗಳ ಸಂಬಳದ ಜನ ಇದ್ದಾರೆ. ವಾದ ಸರಿಯಿದೆ. ಆದರೆ ಕರಾವಳಿಗೂ ಅದರದ್ದೇ ಗ್ರಹಚಾರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಮುಂದಿನ ತಿಂಗಳೇ ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. 2025ರ ಆಗಸ್ಟಿನಲ್ಲಿ ಅಮೆರಿಕಾ ನಮ್ಮ ಮಾಲಿನ ಮೇಲೆ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಸಿಗಡಿ ರಫ್ತಿನವರಿಗೆ ನಡುಕ. ಸಾಣಿಕಟ್ಟೆಯ ಉಪ್ಪಿನವರನ್ನೇ ಕೇಳಿ, ಮೇ ತಿಂಗಳ ಒಂದು ಮಳೆ ಅಂದರೆ ಏನು ಅಂತ ಹೇಳುತ್ತಾರೆ.

ಹೆಂಡತಿ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಾಳೆ. ಅಡಿಕೆ ಬಿದ್ದ ವರ್ಷವೇ ಸಿಗಡಿಯೂ ಬೀಳಬೇಕು ಅಂತ ಏನಿಲ್ಲವಲ್ಲ, ಬೇರೆ ಬೇರೆ ವರ್ಷ ಬಿದ್ದರೆ ಸಾಕು ಅಂತ. ಒಪ್ಪುವ ಮಾತು. ನನ್ನ ತಕರಾರು ಬ್ರಾಂಚಿನ ಬಗ್ಗೆ. ಬಾಡಿಗೆ, ಅಡ್ವಾನ್ಸು, ಫರ್ನಿಚರು, ಇನ್ನೊಂದು ಗೋಡೌನು ತುಂಬುವಷ್ಟು ಮಾಲು. ದುಡಿಮೆ ಅನುಮಾನದ್ದು, ಖರ್ಚು ಮಾತ್ರ ಪ್ರತಿ ತಿಂಗಳೂ ಗ್ಯಾರಂಟಿ. ಈ ಕಾಲದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಅಂಥ ಗ್ಯಾರಂಟಿ ಖರ್ಚಿನದ್ದೇ.

ಕೊನೆಗೆ ಮಳೆಗಾಲದ ಒಂದು ಸಂಜೆ ಗಿರಾಕಿ ಇಲ್ಲದ ಹೊತ್ತಲ್ಲಿ ಕೂತು ಒಂದು ತೀರ್ಮಾನಕ್ಕೆ ಬಂದೆವು. ಬ್ರಾಂಚಿಲ್ಲ, ಬೋರ್ಡಿಲ್ಲ. ಕುಮಟಾದಲ್ಲಿ ಅವಳ ಅಣ್ಣನ ಅಂಗಡಿಯ ಒಂದು ಮೂಲೆ, ಒಂದು ಕಪಾಟು. ವಾರಕ್ಕೆ ಎರಡು ದಿನ ನಮ್ಮ ಎರಡನೇ ಮೆಕ್ಯಾನಿಕ್ ಸ್ಪೇರ್ ಪಾರ್ಟಿನ ಡಬ್ಬಿ ಕಟ್ಟಿಕೊಂಡು ಇಳಿಯುತ್ತಾನೆ. ಹೊಸ ಪಂಪು ಬೇಕೆಂದವರ ಆರ್ಡರ್ ಬರೆದುಕೊಂಡು ಬರುತ್ತಾನೆ, ಅರ್ಧ ದುಡ್ಡು ಮೊದಲೇ. ಅಲ್ಲಿ ಉದ್ರಿ ಪುಸ್ತಕವನ್ನು ತೆರೆಯುವುದೇ ಇಲ್ಲ. ಶಿವರಾತ್ರಿಯ ಹೊತ್ತಿಗೆ ರಿಪೇರಿಯ ಬಿಲ್ಲುಗಳಿಂದ ಹುಡುಗನ ಸಂಬಳ ಹುಟ್ಟಿದರೆ ವಾರಕ್ಕೆ ಮೂರು ದಿನ, ಹುಟ್ಟದಿದ್ದರೆ ಕಪಾಟು ವಾಪಸ್. ಹುಡುಗ ಒಪ್ಪಿದ್ದಾನೆ, ಆದರೆ ಅವನದ್ದೂ ಒಂದು ಶರತ್ತು. ಶಿರಸಿಯಿಂದ ಕುಮಟಾಕ್ಕೆ ಅರವತ್ತು ಕಿಲೋಮೀಟರ್ ಹತ್ತಿರ, ನಡುವೆ ದೇವಿಮನೆ ಘಟ್ಟ. ಮಳೆ ಜೋರಿದ್ದ ದಿನ ಬೈಕ್ ಬೇಡ, ಬಸ್ ಚಾರ್ಜು ಕೊಡಬೇಕು, ಡಬ್ಬಿಗೆ ಲಗೇಜು ಟಿಕೆಟ್ ಕೇಳಿದರೆ ಅದನ್ನೂ. ಕೊಡುತ್ತೇನೆ ಅಂದಿದ್ದೇನೆ.